ಮ್ಯೂಸ್ ಅಂದರೆ ಪ್ರೇಯಸಿಯೇ?

ಪ್ರಶ್ನೆ: ದೊಡ್ಡ ಚಿತ್ರಕಾರರಿಗೆ ಮ್ಯೂಸ್ (ಸ್ಫೂರ್ತಿಯ ಸೆಲೆ) ಆಗುವವರು ಅವರ ಪ್ರೇಯಸಿಯರೇ ತಾನೇ? ರೂಪ ಇದ್ದು ಎದುರಿಗೆ ಕೂತರೆ ಸಾಕು, ಸ್ಫೂರ್ತಿ ತಾನಾಗಿ ಬರುತ್ತದೆ ಅಂತಾರಲ್ಲ?

ಉತ್ತರ: ಅಂತಾರೆ. ಎಷ್ಟು ಸಲ ಉತ್ತರ ಬರೆದರೂ ಅಂತಲೇ ಇರುತ್ತಾರೆ. ಈ ಸಲ ಒಬ್ಬನೇ ಚಿತ್ರಕಾರನನ್ನು ಹಿಡಿದು ಹೇಳುತ್ತೇನೆ: ಲಂಡನ್ನಿನ ಲೂಸಿಯನ್ ಫ್ರಾಯ್ಡ್. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಅವರ ಮೊಮ್ಮಗ, 2011ರಲ್ಲಿ ತೀರಿಕೊಂಡರು. ನಿಮ್ಮ ವಾದಕ್ಕೆ ಇವರ ಬದುಕಿನಲ್ಲಿ ಬೇಕಾದಷ್ಟು ಸಾಕ್ಷಿ ಇದೆ. ಹೆಂಡತಿಯರನ್ನೂ ಪ್ರೇಯಸಿಯರನ್ನೂ ಬರೆದಿದ್ದಾರೆ, ನಾನೇನೂ ಅಲ್ಲಗಳೆಯುವುದಿಲ್ಲ. ಬೇಕಂತಲೇ ಇವರನ್ನು ಆರಿಸಿದ್ದೇನೆ.

ಅದೇ ಫ್ರಾಯ್ಡ್ ತಮ್ಮ ತಾಯಿಯನ್ನು 1970ರ ದಶಕದಲ್ಲಿ ವರ್ಷಗಟ್ಟಲೆ ಕೂರಿಸಿಕೊಂಡು ಬರೆದರು. ಗಂಡ ಸತ್ತ ಮೇಲೆ ಆಕೆ ಕುಗ್ಗಿಹೋಗಿದ್ದರು, ಮಗನ ಮೇಲೂ ಆಸಕ್ತಿ ಉಳಿದಿರಲಿಲ್ಲ. ಆ ನಿರಾಸಕ್ತಿಯಿಂದಲೇ ಆಕೆ ಒಳ್ಳೆಯ ಮಾಡೆಲ್ ಆದದ್ದು ಅಂತ ಫ್ರಾಯ್ಡ್ ಹೇಳಿಕೊಂಡಿದ್ದಾರೆ. ಕಣ್ಣಲ್ಲಿ ಕಣ್ಣಿಟ್ಟು ಸ್ಫೂರ್ತಿ ತುಂಬುವ ಕಥೆ ಇಲ್ಲಿ ಎಲ್ಲಿ ಕೂರುತ್ತದೆ, ನೀವೇ ಹೇಳಿ. ಸಹಾಯಕ ಡೇವಿಡ್ ಡಾಸನ್ ಕೂತರು. ಅವರ ವಿಪ್ಪೆಟ್ ತಳಿಯ ನಾಯಿಯೂ ಕೂತಿತು. ರಾಣಿ ಎರಡನೇ ಎಲಿಜಬೆತ್ ಕೂಡ ಕೂತರು, ಆ ಚಿತ್ರ ಒಂದು ಸಾಧಾರಣ ಪುಸ್ತಕದಷ್ಟು ದೊಡ್ಡದು ಅಷ್ಟೆ.

ಇನ್ನು ರೂಪದ ಮಾತು. ನಿರುದ್ಯೋಗಿಗಳಿಗೆ ಭತ್ಯೆ ಕೊಡುವ ಲಂಡನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ಸೂ ಟಿಲ್ಲಿ ಮೇಲ್ವಿಚಾರಕಿ ಆಗಿದ್ದರು. ಭಾರಿ ಮೈಕಟ್ಟು. ಫ್ರಾಯ್ಡ್‌ಗೆ ಅದಾಗಲೇ ಮಾಡೆಲ್ ಆಗಿದ್ದ ಲೀ ಬೋವರಿ ಈಕೆಯನ್ನು ಪರಿಚಯಿಸಿದರು. ಮೊದಲ ಚಿತ್ರಕ್ಕೆ ಬರೀ ಹಲಗೆ ನೆಲದ ಮೇಲೆ ಮಲಗಬೇಕಾಯಿತು, ಸೋಫಾ ಬಂದದ್ದು ಆಮೇಲೆ. ಕೂಲಿ ಶುರುವಿನಲ್ಲಿ ದಿನಕ್ಕೆ 20 ಪೌಂಡ್. ಆ ಸೋಫಾದ ಮೇಲೆ ನಿದ್ದೆ ಹೋದ ಚಿತ್ರವೇ 1995ರ ‘ಬೆನಿಫಿಟ್ಸ್ ಸೂಪರ್‌ವೈಸರ್ ಸ್ಲೀಪಿಂಗ್’. ಫ್ರಾಯ್ಡ್‌ಗೂ ಈಕೆಗೂ ಇದ್ದದ್ದು ಊಟ, ಹರಟೆ, ಕೆಲಸ.

‘ಎದುರಿಗೆ ಕೂತರೆ ಸಾಕು’ ಅನ್ನುವ ಆ ‘ಸಾಕು’ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುತ್ತದೆ. ಚಿತ್ರಸಂತೆಯಲ್ಲಿ ಹತ್ತು ನಿಮಿಷಕ್ಕೆ ಮುಖ ಬರೆಸಿಕೊಂಡ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2007ರಲ್ಲಿ ಮುಗಿದ ಒಂದು ನಗ್ನಚಿತ್ರಕ್ಕೆ ಮ್ಯೂಸಿಯಂ ಉದ್ಯೋಗಿಯೊಬ್ಬರು 16 ತಿಂಗಳು ಸಂಜೆ ಸಂಜೆ ಬಂದು ಮಲಗಿದರು. ತಪ್ಪಿಸಿದ್ದು ನಾಲ್ಕೇ ಸಂಜೆ, ಒಟ್ಟು ಸುಮಾರು 2,400 ಗಂಟೆ. ಬರೀ ನೆಲ, ಗೋಡೆ ಬರೆಯುವಾಗಲೂ ಮಾಡೆಲ್ ಅಲ್ಲೇ ಇರಬೇಕು ಅನ್ನುವುದು ಫ್ರಾಯ್ಡ್ ಹಟ. ಸ್ವತಃ ಹೆಸರಾಂತ ಚಿತ್ರಕಾರ ಡೇವಿಡ್ ಹಾಕ್ನಿ 2002ರಲ್ಲಿ ನೂರು ಗಂಟೆಗೂ ಮೀರಿ ಕೂತರು. ಬದಲಿಗೆ ಫ್ರಾಯ್ಡ್ ಹಾಕ್ನಿಗೆ ಕೂತುಕೊಟ್ಟದ್ದು ಕೆಲವೇ ಗಂಟೆ! ಕಾಲು ಜೋಮು ಹಿಡಿದರೂ ಅಲುಗದೆ ಇರುವುದು, ನಾಳೆ ಮತ್ತೆ ಅದೇ ಭಂಗಿಗೆ ಮರಳುವುದು, ಬೇಸರವನ್ನು ಮುಖದಲ್ಲಿ ಅಡಗಿಸದಿರುವುದು. ನಮ್ಮ ಕಲಾಶಾಲೆಗಳ ಲೈಫ್ ಸ್ಟಡಿ (ಎದುರಿಗಿರುವವರನ್ನು ನೋಡಿ ಬರೆಯುವ) ತರಗತಿಗೆ ಕೂಲಿಗೆ ಬಂದು ಕೂರುವವರನ್ನು ಕೇಳಿ, ಇದು ದುಡಿಮೆ ಹೌದೋ ಅಲ್ಲವೋ ಹೇಳುತ್ತಾರೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ದುಡ್ಡಿನ ವಿಷಯ. ಸೂ ಟಿಲ್ಲಿ ಮಲಗಿದ ಆ ಚಿತ್ರ 2008ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 3.36 ಕೋಟಿ ಡಾಲರಿಗೆ ಹೋಯಿತು. ಬದುಕಿರುವ ಚಿತ್ರಕಾರರ ಪೈಕಿ ಆಗ ಅದೇ ದಾಖಲೆ. ಮಲಗಿದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ನಮ್ಮಲ್ಲೂ ಹಾಗೆಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದ ಮೂಲ ಚಿತ್ರದಲ್ಲಿ ಪಾಲು ಕೇಳುವ ಹಕ್ಕು ಚಿತ್ರಕಾರನಿಗೆ, ಅವನ ನಂತರ ವಾರಸುದಾರರಿಗೆ. ಪಾಲು ಶೇ. 10 ಮೀರುವಂತಿಲ್ಲ. ಮಾಡೆಲ್ ಅನ್ನುವ ಪ್ರಾಣಿ ಆ ಕಲಮಿನಲ್ಲಿ ಇಲ್ಲವೇ ಇಲ್ಲ. ಆದರೆ ನೀವೇ ದುಡ್ಡು ಕೊಟ್ಟು ನಿಮ್ಮ ಭಾವಚಿತ್ರ ಬರೆಸಿಕೊಂಡಿದ್ದರೆ ಲೆಕ್ಕ ತಿರುಗುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ 17ನೇ ಕಲಂ ಪ್ರಕಾರ ಅದರ ಕೃತಿಸ್ವಾಮ್ಯ ನಿಮ್ಮದು, ಬರೆದವನದಲ್ಲ. ಚಿತ್ರಕಾರ ಮಿತ್ರರು ಇದನ್ನು ಓದಿ ಬೈದುಕೊಳ್ಳಬೇಡಿ, ಮುಂದಿನ ಸಲ ಅಡ್ವಾನ್ಸ್ ತೆಗೆದುಕೊಳ್ಳುವಾಗ ಒಂದು ಹಾಳೆ ಒಪ್ಪಂದ ಬರೆಸಿಕೊಳ್ಳಿ.