ನಗದು ಬಂದರೆ ಡೆಬಿಟ್ ಯಾಕೆ?

ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ಮಕ್ಕಳು ಮೊದಲ ತಿಂಗಳೇ ತಡವರಿಸುವ ಜಾಗ ಒಂದಿದೆ. ಅಂಗಡಿಗೆ ದುಡ್ಡು ಬಂದರೆ ನಗದು ಖಾತೆಗೆ ಡೆಬಿಟ್. ಅದೇ ದುಡ್ಡನ್ನು ಬ್ಯಾಂಕಿಗೆ ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್. ಇದೇಕೆ ಹೀಗೆ ಎಂದು ಕೇಳಿದವರಿಗೆ ಸೂತ್ರ ಬಾಯಿಪಾಠ ಮಾಡಿಸಿ ಮುಂದೆ ಕಳಿಸುತ್ತೇವೆ. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆಯುವ ಈ ‘ದ್ವಿ ನಮೂದು’ (ಡಬಲ್ ಎಂಟ್ರಿ) ಪದ್ಧತಿ ಬೆಳೆದ ಕತೆಯನ್ನು ಹತ್ತು ನಿಮಿಷ ಹೇಳಿದರೆ ಬಾಯಿಪಾಠವೇ ಬೇಕಾಗದು ಎಂದು ನನ್ನ ನಂಬಿಕೆ.

13ನೇ ಶತಮಾನದ ಇಟಲಿಯ ವರ್ತಕರ ಲೆಕ್ಕದ ಪುಸ್ತಕ ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂಥದ್ದೇ. ಸಾಲ ಒಯ್ದವನ ಹೆಸರಿನಡಿ ‘ಕೊಡಬೇಕು’, ಸಾಲ ಕೊಟ್ಟವನ ಹೆಸರಿನಡಿ ‘ಪಡೆಯಬೇಕು’. ಮೊದಲನೆಯದೇ ಇಂದಿನ ಡೆಬಿಟ್, ಎರಡನೆಯದೇ ಕ್ರೆಡಿಟ್. ಡೆಬಿಟ್ ಪದದ ಲ್ಯಾಟಿನ್ ಬೇರಿನಲ್ಲಿ ಇರುವುದು ಋಣ, ಕ್ರೆಡಿಟ್‌ನ ಬೇರಿನಲ್ಲಿ ನಂಬಿಕೆ. ಎರಡೂ ಮನುಷ್ಯರ ನಡುವಿನ ಮಾತು.

ಆ ಮಾತನ್ನು ವಸ್ತುಗಳಿಗೂ ಹಚ್ಚಿದ್ದೇ ದೊಡ್ಡ ಹೆಜ್ಜೆ. ನಗದು ಪೆಟ್ಟಿಗೆಯನ್ನು ಒಬ್ಬ ಆಳು ಎಂದುಕೊಳ್ಳಿ. ಬಾಕಿದಾರ 100 ರೂಪಾಯಿ ತಂದುಕೊಟ್ಟ. ಅದು ಪೆಟ್ಟಿಗೆಯ ಕೈಸೇರಿತು. ಇನ್ನು ಆ 100 ರೂಪಾಯಿಗೆ ಲೆಕ್ಕ ಒಪ್ಪಿಸಬೇಕಾದದ್ದು ಪೆಟ್ಟಿಗೆ, ಆದ್ದರಿಂದ ಅದಕ್ಕೆ ಡೆಬಿಟ್. ತಂದವನ ಹೊರೆ ಅಷ್ಟು ಇಳಿಯಿತು, ಅವನಿಗೆ ಕ್ರೆಡಿಟ್. ಒಂದೇ ವ್ಯವಹಾರ, ಎರಡು ಮುಖ. ಒಂದನ್ನೇ ಎರಡು ಸಲ ಬರೆಯುವುದು ಎಂದು ‘ದ್ವಿ ನಮೂದು’ ಪದ್ಧತಿಯನ್ನು ತಿಳಿದವರು ಇಲ್ಲೇ ಎಡವುತ್ತಾರೆ.

ಫ್ಲಾರೆನ್ಸಿನ ಫರೋಲ್ಫಿ ವರ್ತಕರ ಕಂಪನಿ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಇಟ್ಟಿದ್ದ 1299–1300ರ ಲೆಕ್ಕದಲ್ಲಿ ಈ ಪದ್ಧತಿ ಆಗಲೇ ಕಾಣುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಜಿನೋವಾ ನಗರಾಡಳಿತದ 1340ರ ಪುಸ್ತಕ. ಅದರಲ್ಲಿ ಕರಿಮೆಣಸಿಗೇ ಒಂದು ಖಾತೆ! ಕೊಂಡದ್ದು ಒಂದು ಬದಿಗೆ, ಮಾರಿದ್ದು ಇನ್ನೊಂದು ಬದಿಗೆ. ಮಾರಾಟದಲ್ಲಿ ಲುಕ್ಸಾನಾಯಿತು, ಅದನ್ನು ಬೇರೊಂದು ಖಾತೆಗೆ ವರ್ಗಾಯಿಸಿ ಮೆಣಸಿನ ಲೆಕ್ಕ ಮುಗಿಸಿದ್ದಾರೆ. ಮೆಣಸನ್ನಾದರೂ ಮುಟ್ಟಬಹುದು, ನಷ್ಟವನ್ನು ಮುಟ್ಟಲಾಗದು. ಅದಕ್ಕೂ ಖಾತೆ ತೆರೆಯಬಹುದು ಎಂದು ಹೊಳೆದದ್ದು ಸಣ್ಣ ಮಾತಲ್ಲ.

1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದ ಒಂದು ಭಾಗದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿ ಲೂಕಾ ಪಚೋಲಿ ಇದನ್ನೆಲ್ಲ ಕ್ರಮವಾಗಿ ವಿವರಿಸಿದ. ಅವನನ್ನು ‘ಲೆಕ್ಕಶಾಸ್ತ್ರದ ಪಿತಾಮಹ’ ಎನ್ನುವುದುಂಟು. ಆದರೆ ತಾನು ಬರೆಯುತ್ತಿರುವುದು ವೆನಿಸ್‌ನ ರೂಢಿ ಎಂದು ಅವನೇ ಹೇಳಿದ್ದಾನೆ. ನಡೆದದ್ದನ್ನು ಗೀಚಿಡುವ ಕಚ್ಚಾ ಪುಸ್ತಕ, ದಿನದ ಕ್ರಮದಲ್ಲಿ ಬರೆಯುವ ದಿನವಹಿ (ಜರ್ನಲ್), ಖಾತೆವಾರು ವಿಂಗಡಿಸುವ ಖಾತೆವಹಿ (ಲೆಡ್ಜರ್) ಎಂಬ ಅವನ ಮೂರು ಮೆಟ್ಟಿಲಲ್ಲಿ ಕೊನೆಯ ಎರಡು ಇವತ್ತಿಗೂ ನಮ್ಮ ಪಠ್ಯದಲ್ಲಿವೆ.

ಮಾಲೀಕನೇ ಹಾಕಿದ ಬಂಡವಾಳ ಅಂಗಡಿಗೆ ಹೊಣೆ ಯಾಕೆ ಎಂಬ ಗೊಂದಲವೂ ಇದೇ ದಾರಿಯಲ್ಲಿ ಬಿಡಿಸಿಕೊಳ್ಳುತ್ತದೆ. ಲೆಕ್ಕದ ಕಣ್ಣಿಗೆ ಅಂಗಡಿ ಬೇರೆ, ಮಾಲೀಕ ಬೇರೆ. ಅವನು 50,000 ರೂಪಾಯಿ ಹಾಕಿದರೆ ಅಂಗಡಿ ಅವನಿಗೆ ಅಷ್ಟು ಕೊಡಬೇಕು. ಅದಕ್ಕೇ ಆಸ್ತಿ, ಹೊಣೆಗಳನ್ನು ಎದುರುಬದುರು ತೋರಿಸುವ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಬಂಡವಾಳ ಹೊಣೆಗಳ ಕಡೆ ಕೂರುತ್ತದೆ. ಜೊತೆಗೆ 20,000 ಸಾಲ ತಂದರೆ ಹೊಣೆ 70,000. ನಗದು, ಸರಕು, ತಕ್ಕಡಿ ಎಲ್ಲ ಕೂಡಿ ಆಸ್ತಿಯೂ 70,000. ಹಾಗೆಂದು ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತಗಳನ್ನು ಹೋಲಿಸುವ ತಾಳೆಪಟ್ಟಿ ಕೂಡಿಬಂದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ. ಹೊಸ ತಕ್ಕಡಿಯ ಬೆಲೆಯನ್ನು ಆಸ್ತಿಗೆ ಬರೆಯದೆ ತಪ್ಪಿ ರಿಪೇರಿ ಖರ್ಚಿಗೆ ಬರೆದರೂ ಎರಡೂ ಬದಿ ಸಮವೇ ಇರುತ್ತದೆ.

ಇನ್ನು ಪಾಸ್‌ಬುಕ್. ಅದು ಬ್ಯಾಂಕಿನ ಪುಸ್ತಕದಲ್ಲಿರುವ ನಿಮ್ಮ ಖಾತೆಯ ಪ್ರತಿ. ನೀವು 5,000 ಕಟ್ಟಿದಿರಿ. ಬ್ಯಾಂಕಿನ ಲೆಕ್ಕದಲ್ಲಿ ನೀವು ‘ಪಡೆಯಬೇಕಾದವರು’, ಹಾಗಾಗಿ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದೇ 5,000ಕ್ಕೆ ಬ್ಯಾಂಕ್ ‘ಕೊಡಬೇಕಾದವರು’, ಹಾಗಾಗಿ ಡೆಬಿಟ್.