ಕಟ್ಟಿದವರು ಮಲಗುವುದು ಎಲ್ಲಿ?

ರಾತ್ರಿ ಹನ್ನೊಂದರ ಮೇಲೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಕಡೆ ಹೋದರೆ, ಬಾಗಿಲು ಹಾಕಿದ ಅಂಗಡಿಗಳ ಮುಂದೆ ಸಾಲಾಗಿ ಮಲಗಿದವರು ಕಾಣುತ್ತಾರೆ. ಕಳುವಾಗದಿರಲಿ ಅಂತ ಚಪ್ಪಲಿ ತಲೆಯ ಕೆಳಗೆ. ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಜೇಬಿನಲ್ಲಿ. ಇವರೆಲ್ಲ ಭಿಕ್ಷುಕರು ಅಂದುಕೊಳ್ಳಬೇಡಿ. ಲಾರಿಯಿಂದ ಮೂಟೆ ಇಳಿಸುವವರು, ಗಾರೆ ಕೆಲಸದವರು, ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆಯುವವರು ಇಲ್ಲಿದ್ದಾರೆ.

ಆದರೆ ಸರ್ಕಾರದ ಕಣ್ಣಿಗೆ ಬಹಳ ಕಾಲ ಇವರು ಭಿಕ್ಷುಕರೇ. 1975ರಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಶೇ. 3ರ ಭಿಕ್ಷುಕರ ಕರ ಅದರಿಂದಲೇ ಬಂದದ್ದು. ಬೀದಿಯಲ್ಲಿ ಸಿಕ್ಕವರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸುತ್ತಿದ್ದರು. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಷ್ಟರಲ್ಲಿ ಊರು ಬದಲಾಗಿತ್ತು. ಐಟಿ ಕಂಪನಿ, ಅಪಾರ್ಟ್‌ಮೆಂಟು, ಫ್ಲೈಓವರು, ಮೆಟ್ರೋ. ಕಟ್ಟೋಕೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಜನ ಗುಳೆ ಬಂದರು. ಕೆಲಸ ಇರುವ ತನಕ ಸೈಟಿನಲ್ಲೇ ತಗಡಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡೂ ಹೋಯಿತು. ಬಾಡಿಗೆ ಮನೆ ಹಿಡಿಯೋಣ ಅಂದರೆ ಮೊದಲು ಅಡ್ವಾನ್ಸ್ ಕೇಳುತ್ತಾರೆ. ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಎಣಿಸಿ ಕೊಡುವುದು ಈ ಊರಿನ ಹಳೇ ಪದ್ಧತಿ. ದಿನಗೂಲಿಯವರ ಕೈಯಲ್ಲಿ ಆಗುವ ಮಾತಾ ಅದು?

ಇದ್ದ ಸೂರು ಕಳೆದುಕೊಂಡವರೂ ಇದ್ದಾರೆ. ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ಕ್ವಾರ್ಟರ್ಸ್‌ನ ಒಂದು ಭಾಗ 2007ರಲ್ಲಿ ಕುಸಿದುಬಿತ್ತು. ಉಳಿದವನ್ನೂ ಕೆಡವಿ, ತಗಡಿನ ಶೆಡ್ಡು ಹಾಕಿಕೊಟ್ಟರು. 2013ರ ಜನವರಿಯಲ್ಲಿ ಆ ಶೆಡ್ಡುಗಳನ್ನೂ ಜೆಸಿಬಿ ತಂದು ನೆಲಸಮ ಮಾಡಿದರು. ಎಷ್ಟೋ ಮನೆಯವರು ಪಾತ್ರೆಪಗಡದ ಸಮೇತ ಅಲ್ಲೇ ಫುಟ್‌ಪಾತ್ ಮೇಲೆ ಸಂಸಾರ ಹೂಡಿದರು.

ದೊಡ್ಡ ಊರುಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ರಾತ್ರಿ ತಂಗುದಾಣ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿ ವರ್ಷಗಳೇ ಆದವು. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ. ಅಂದರೆ ಆವತ್ತಿನ ಲೆಕ್ಕಕ್ಕೇ 84 ತಂಗುದಾಣ ಬೇಕಿತ್ತು. ತೆರೆದದ್ದು ಅದಕ್ಕಿಂತ ತುಂಬಾ ಕಮ್ಮಿ. ಅದರಲ್ಲೂ ಜಾಸ್ತಿ ಗಂಡಸರಿಗೆ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಇರೋಣ ಅಂದರೆ ಜಾಗ ಸಿಗುವುದು ಕಷ್ಟ.

ದೂರದ್ದೂ ಒಂದು ತೊಂದರೆ. ಮಾರ್ಕೆಟ್ಟಿಗೆ ತರಕಾರಿ ಲಾರಿ ಬರುವುದು ನಸುಕಿನಲ್ಲಿ. ಆಗ ಅಲ್ಲಿದ್ದವರಿಗೇ ಕೂಲಿ. ಊರಿನ ಆ ತುದಿಯ ತಂಗುದಾಣದಲ್ಲಿ ಮಲಗಿದವರು ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಮೂಟೆ ಇಳಿಸಿ ಆಗಿರುತ್ತದೆ.