ಪ್ರಶ್ನೆ ಮುಗಿಯುವ ಮೊದಲೇ ಬಜರ್ ಒತ್ತುತ್ತಾರಲ್ಲ, ಅವರಿಗೆ ಪ್ರಶ್ನೆ ಮೊದಲೇ ಗೊತ್ತಿರುತ್ತದೆಯೇ?

ಓದುಗರ ಪ್ರಶ್ನೆ: ಬ್ರಿಟನ್ನಿನ ಟಿವಿ ಕ್ವಿಜ್ ‘ಯೂನಿವರ್ಸಿಟಿ ಚಾಲೆಂಜ್’ ನೋಡುವಾಗ ಪ್ರತಿ ಸಲ ಒಂದೇ ಅನುಮಾನ. ಪ್ರಶ್ನೆ ಅರ್ಧಕ್ಕೂ ಬಂದಿರುವುದಿಲ್ಲ, ಯಾರೋ ಹುಡುಗಿ ಬಜರ್ ಒತ್ತಿ ಸರಿಯುತ್ತರ ಹೇಳಿಬಿಡುತ್ತಾಳೆ. ಪ್ರಶ್ನೆ ಸೋರಿಕೆಯಾಗಿರುತ್ತದೆಯೇ? ಇಲ್ಲವಾದರೆ ಅದು ಹೇಗೆ ಸಾಧ್ಯ? ನಮ್ಮ ಕಾಲೇಜು ಹುಡುಗರೂ ಕಲಿಯಬಹುದೇ?

ಉತ್ತರ: ಸೋರಿಕೆಯಲ್ಲ. ಬೆರಳಿನ ಚುರುಕೂ ಅಲ್ಲ. ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅದರ ನಡಿಗೆಯಲ್ಲೇ ಗುರುತಿಸುವುದು ಒಂದು ವಿದ್ಯೆ. ತಪ್ಪಿದರೆ ಎಷ್ಟು ನಷ್ಟ ಎಂಬ ಲೆಕ್ಕ ತಲೆಯಲ್ಲಿರುವುದು ಇನ್ನೊಂದು. ಎರಡನ್ನೂ ಕಲಿಯಬಹುದು.

ಮೊದಲು ಆಟದ ಕಟ್ಟುಪಾಡು ತಿಳಿದಿರಲಿ. 1962ರಲ್ಲಿ ಶುರುವಾದ ಈ ಕಾರ್ಯಕ್ರಮ ಅಮೆರಿಕದ ‘ಕಾಲೇಜ್ ಬೌಲ್’ ಎಂಬ ಆಟದಿಂದ ಬಂದದ್ದು. ನಾಲ್ಕು ನಾಲ್ಕು ಜನರ ಎರಡು ತಂಡ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಕಾಲೇಜುಗಳು ಒಂದೊಂದೂ ಬೇರೆಬೇರೆ ತಂಡ ಕಳಿಸುತ್ತವೆ, ಈ ಬಗ್ಗೆ ಉಳಿದ ವಿಶ್ವವಿದ್ಯಾಲಯಗಳ ಗೊಣಗಾಟ ಹಳೆಯದು. 1975ರಲ್ಲಿ ಮ್ಯಾಂಚೆಸ್ಟರ್ ತಂಡ ಇದನ್ನೇ ಪ್ರತಿಭಟಿಸಿ ಬಹುತೇಕ ಪ್ರಶ್ನೆಗಳಿಗೆ ಮಾರ್ಕ್ಸ್, ಲೆನಿನ್, ಟ್ರಾಟ್‌ಸ್ಕಿ, ಚೆ ಗೆವಾರ ಎಂದೇ ಉತ್ತರಿಸುತ್ತ ಕುಳಿತಿತ್ತು!

‘ಸ್ಟಾರ್ಟರ್’ ಪ್ರಶ್ನೆಗೆ 10 ಅಂಕ. ಅದನ್ನು ಒಬ್ಬರೇ ಬಜರ್ ಒತ್ತಿ ಹೇಳಬೇಕು, ಪಕ್ಕದವರನ್ನು ಕೇಳುವಂತಿಲ್ಲ. ಸರಿಯಾದರೆ ಆ ತಂಡಕ್ಕೆ ಒಂದೇ ವಿಷಯದ ಮೂರು ಬೋನಸ್ ಪ್ರಶ್ನೆ, ತಲಾ 5 ಅಂಕ. ಇಲ್ಲಿ ಚರ್ಚೆಗೆ ಅವಕಾಶವಿದೆ, ಕ್ಯಾಪ್ಟನ್ ಉತ್ತರ ಹೇಳುತ್ತಾರೆ. ಪ್ರಶ್ನೆಯ ನಡುವೆ ಬಜರ್ ಒತ್ತಿ ತಪ್ಪು ಹೇಳಿದರೆ 5 ಅಂಕ ಹೋಗುತ್ತದೆ, ಎದುರಾಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಹೇಳುತ್ತಾರೆ. ಪ್ರಶ್ನೆ ಮುಗಿದ ಮೇಲೆ ಒತ್ತಿ ತಪ್ಪಿದರೆ ದಂಡವಿಲ್ಲ. ಅರ್ಧ ಗಂಟೆಯ ಪಂದ್ಯದಲ್ಲಿ ಇಪ್ಪತ್ತರ ಆಸುಪಾಸು ಸ್ಟಾರ್ಟರ್‌ಗಳು ಬರುತ್ತವೆ, ಅಷ್ಟೇ. ಒಂದೊಂದಕ್ಕೂ ಯಾಕೆ ಅಷ್ಟು ಹಾತೊರೆಯುತ್ತಾರೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಈಗ ವಿದ್ಯೆಗೆ ಬರೋಣ. ಸ್ಟಾರ್ಟರ್ ಪ್ರಶ್ನೆಗಳನ್ನು ಕಟ್ಟುವುದು ಸಾಮಾನ್ಯವಾಗಿ ಕಠಿಣ ಸುಳಿವಿನಿಂದ ಸುಲಭದ ಕಡೆಗೆ. ಆ ಜಾಡಿನಲ್ಲಿ ನಾವೇ ಕಟ್ಟಿದ ಒಂದು ಉದಾಹರಣೆ ನೋಡಿ:

“ವಿಲಿಯಂ ರಾಮ್ಸೆ ಪತ್ತೆಹಚ್ಚಿದ ಅನಿಲಗಳಲ್ಲಿ ಒಂದಾದ ಇದನ್ನು ಭೂಮಿಯ ಮೇಲೆ ಮೊದಲು ಬೇರ್ಪಡಿಸಿದ್ದು 1895ರಲ್ಲಿ, ಯುರೇನಿಯಂ ಅದಿರೊಂದರಿಂದ. ಅದಕ್ಕೂ 27 ವರ್ಷ ಮೊದಲು ಗುಂಟೂರಿನಲ್ಲಿ ಕಂಡ ಸೂರ್ಯಗ್ರಹಣದ ಹೊತ್ತಿಗೆ ಇದರ ಹಳದಿ ಗೆರೆ ಕಾಣಿಸಿಕೊಂಡಿತ್ತು. ಗ್ರೀಕರ ಸೂರ್ಯನ ಹೆಸರು ಹೊತ್ತ, ಬಲೂನಿಗೆ ತುಂಬುವ ಈ ಅನಿಲ ಯಾವುದು?”

ಉತ್ತರ ಹೀಲಿಯಂ. ‘ಬಲೂನು’ ಬರುವ ಹೊತ್ತಿಗೆ ಮನೆಯಲ್ಲಿ ಕೂತು ನೋಡುವವರೂ ಹೇಳುತ್ತಾರೆ. ‘ರಾಮ್ಸೆ’ ಎಂದೊಡನೆ ಒತ್ತಿದವರು ಜೂಜಾಡಿದ ಹಾಗೆ, ಏಕೆಂದರೆ ಆರ್ಗಾನ್, ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳ ಶೋಧದಲ್ಲೂ ಅವರ ಕೈಯಿದೆ. 1895 ಎಂಬ ಇಸವಿ ತಿಳಿದವರಿಗೆ ಅಲ್ಲಿಯೇ ಖಾತ್ರಿ. ಆದರೆ ಪಳಗಿದವರು ಅದಕ್ಕೂ ಮೊದಲೇ, ‘ಭೂಮಿಯ ಮೇಲೆ’ ಎಂಬ ಎರಡು ಪದಕ್ಕೆ ಒತ್ತಿರುತ್ತಾರೆ. ಬೇರೆ ಯಾವ ಅನಿಲದ ಬಗ್ಗೆಯೂ ಪ್ರಶ್ನೆ ಬರೆದವರು ಹಾಗೆ ಒತ್ತಿ ಹೇಳುವ ಅಗತ್ಯವಿಲ್ಲ. ಭೂಮಿಯಲ್ಲಿ ಸಿಗುವ ಮುನ್ನವೇ ಸೂರ್ಯನಲ್ಲಿ ಕಂಡದ್ದು ಹೀಲಿಯಂ ಒಂದೇ. ಸಂಭವನೀಯ ಉತ್ತರಗಳು ಹಲವಾರಿಂದ ಒಂದಕ್ಕೆ ಇಳಿಯುವ ಇಂಥ ಜಾಗ ಪ್ರತಿ ಪ್ರಶ್ನೆಯಲ್ಲೂ ಇರುತ್ತದೆ. ಅದನ್ನು ಕಿವಿಯಲ್ಲೇ ಹಿಡಿಯಬೇಕು.

ಬೆರಳಿನ ವೇಗ ಇದರ ಮುಂದೆ ಏನೂ ಅಲ್ಲ. ಪ್ರಶ್ನೆ ಓದುವ ವೇಗ ಸೆಕೆಂಡಿಗೆ ಸುಮಾರು 3 ಇಂಗ್ಲಿಷ್ ಪದ ಎಂದಿಟ್ಟುಕೊಳ್ಳಿ. ಶಬ್ದ ಕೇಳಿ ಗುಂಡಿ ಒತ್ತಲು ಯಾರಿಗಾದರೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಇಬ್ಬರ ನಡುವೆ ಬೆರಳಿನಲ್ಲಿ ಇರುವ ಅಂತರ ಇನ್ನೂ ಚಿಕ್ಕದು. ಒಂದು ಪದ ಮುಂಚೆ ನಿರ್ಧರಿಸಿದವರಿಗೆ ಸೆಕೆಂಡಿನ ಮೂರನೇ ಒಂದು ಭಾಗ ಸಿಕ್ಕಿತಲ್ಲ, ಅದನ್ನು ಯಾವ ಬೆರಳೂ ಸರಿಗಟ್ಟಲಾರದು.

ಇನ್ನೊಂದು ಗುಟ್ಟು ಟಿವಿಯಲ್ಲಿ ಕಣ್ಣೆದುರೇ ನಡೆಯುತ್ತದೆ, ಗಮನಿಸುವವರು ಕಡಿಮೆ. ಬಜರ್ ಒತ್ತಿದೊಡನೆ ತೆರೆಮರೆಯ ದನಿಯೊಂದು ಕಾಲೇಜಿನ ಹೆಸರು, ಆಟಗಾರರ ಹೆಸರು ಕೂಗುತ್ತದೆ. ಅದಕ್ಕೆ ಒಂದು, ಒಂದೂವರೆ ಸೆಕೆಂಡು. ಉತ್ತರ ನಾಲಿಗೆ ತುದಿಗೆ ಬಂದ ಮೇಲೆ ಒತ್ತುವವರಿಗೆ ಈ ಹೊತ್ತು ದಂಡ. ‘ಇದು ನನಗೆ ಗೊತ್ತಿರುವ ವಿಷಯ’ ಎಂಬ ಖಾತ್ರಿ ಬಂದಾಗಲೇ ಒತ್ತಿ, ಹೆಸರು ಕೂಗುವಷ್ಟರಲ್ಲಿ ಉತ್ತರವನ್ನು ನೆನಪಿನಿಂದ ಎಳೆದು ತರುವವರೇ ಗೆಲ್ಲುವುದು. ಕೆಲವೊಮ್ಮೆ ಉತ್ತರ ಬರುವುದೇ ಇಲ್ಲ, ಕಣ್ಣು ಮುಚ್ಚಿ ಒದ್ದಾಡುತ್ತಾರೆ. ತಡವರಿಸಿದರೂ 5 ಅಂಕ ಖೋತಾ.

ಹಾಗಾದರೆ ಎಷ್ಟು ಖಾತ್ರಿಯಿದ್ದರೆ ಒತ್ತಬಹುದು? ಲೆಕ್ಕ ಹಾಕೋಣ. ಎರಡೂ ತಂಡ ಸಮಬಲ, ಬೋನಸ್‌ಗಳಲ್ಲಿ ಅರ್ಧದಷ್ಟು ಸರಿ ಹೇಳುತ್ತಾರೆ ಎಂದುಕೊಂಡರೆ ಒಂದು ಸ್ಟಾರ್ಟರ್‌ನ ನಿಜವಾದ ಬೆಲೆ 10 ಅಲ್ಲ, 17.5. ತಪ್ಪಿದರೆ ನಿಮಗೆ 5 ಕಡಿತ. ಪೂರ್ತಿ ಪ್ರಶ್ನೆ ಕೇಳಿದ ಎದುರಾಳಿ ಹತ್ತರಲ್ಲಿ ಆರು ಸಲ ಸರಿ ಹೇಳಿದರೂ ಅವರಿಗೆ ಸರಾಸರಿ 10.5. ಒಟ್ಟು ನಷ್ಟ 15.5. ಕಾದರೆ ಇಬ್ಬರಿಗೂ ಸಮಪಾಲು ಎಂದಿಟ್ಟುಕೊಂಡರೆ, ಒತ್ತುವುದರ ಲಾಭ ನಷ್ಟ ಸರಿತೂಗುವುದು ಖಾತ್ರಿ ನೂರಕ್ಕೆ 47ರ ಹತ್ತಿರ ಇದ್ದಾಗ. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ನಂಬಿಕೆಯಿದ್ದರೆ ಒತ್ತುವುದೇ ಲೇಸು. ಎದುರಿಗಿರುವವರು ನಿಮಗಿಂತ ಚುರುಕು, ಕಾದರೆ ಹತ್ತರಲ್ಲಿ ಆರು ಸ್ಟಾರ್ಟರ್ ಅವರ ಪಾಲು, ನಾಲ್ಕೇ ನಿಮ್ಮದು ಎನ್ನುವಂತಿದ್ದರೆ ಈ ಗೆರೆ 36ಕ್ಕೆ ಇಳಿಯುತ್ತದೆ. ದುರ್ಬಲ ತಂಡವೇ ಹೆಚ್ಚು ಧೈರ್ಯ ಮಾಡಬೇಕು! ನಮ್ಮ ಹುಡುಗರು ಮಾಡುವುದು ತದ್ವಿರುದ್ಧ: ಹಿಂದೆ ಬಿದ್ದಷ್ಟೂ ಕೈ ಕಟ್ಟಿ ಕೂರುತ್ತಾರೆ.

ತಪ್ಪುವುದು ಎಲ್ಲಿ? ಹೆಚ್ಚಾಗಿ ತಿರುವಿನ ಪ್ರಶ್ನೆಗಳಲ್ಲಿ. “ಬ್ರಹ್ಮಗಿರಿಯ ತಪ್ಪಲಿನಲ್ಲಿ ಹುಟ್ಟಿ...” ಎಂದೊಡನೆ ‘ಕಾವೇರಿ’ ಎಂದುಬಿಟ್ಟರೆ ಕೆಟ್ಟಿರಿ, ಪ್ರಶ್ನೆ “...ಹರಿಯುವ ಕಾವೇರಿ ಸಮುದ್ರ ಸೇರುವ ಪ್ರಾಚೀನ ಚೋಳ ಬಂದರು ಯಾವುದು?” ಎಂದಿರಬಹುದು. ಪೂಂಪುಹಾರ್ ಬೇಕಿತ್ತು. ಏನನ್ನು ವಿವರಿಸುತ್ತಿದ್ದಾರೆ ಎಂಬುದರ ಜೊತೆಗೆ ಏನನ್ನು ಕೇಳುತ್ತಾರೆ ಎಂಬುದೂ ತಿಳಿಯಬೇಕು. ಇಂಗ್ಲಿಷಿನಲ್ಲಿ ಎಷ್ಟೋ ಸಲ ‘ಯಾವ ನದಿ’, ‘ಯಾವ ಊರು’ ಎಂಬ ಪದ ಆರಂಭದಲ್ಲೇ ಬಂದು ದಾರಿ ತೋರಿಸುತ್ತದೆ. ಕನ್ನಡದಲ್ಲಿ ‘ಯಾವುದು’, ‘ಯಾರು’ ಕೂರುವುದು ಸಾಮಾನ್ಯವಾಗಿ ವಾಕ್ಯದ ಬಾಲದಲ್ಲಿ. ಹಾಗಾಗಿ ಕನ್ನಡದಲ್ಲಿ ಬಜರ್ ಕ್ವಿಜ್ ನಡೆಸುವವರು “ಒಂದು ಊರಿನ ಹೆಸರು ಹೇಳಿ” ಎಂದು ಮೊದಲೇ ಹೇಳಿ ಆಮೇಲೆ ಸುಳಿವು ಓದಿದರೆ ಆಟ ನ್ಯಾಯವಾಗಿರುತ್ತದೆ.

ಕರ್ನಾಟಕದ ಕಾಲೇಜು ಕ್ವಿಜ್‌ಗಳಲ್ಲಿ ಪಳಗಿದವರಿಗೆ ಇಲ್ಲೊಂದು ತೊಡಕಿದೆ. 1983ರಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಊರಾದ ಬೆಂಗಳೂರಿನಲ್ಲಿ ಕ್ವಿಜ್ ಎಂದರೆ ಬಹುಪಾಲು ತೆರೆಯ ಮೇಲಿನ ಉದ್ದನೆಯ ಪ್ರಶ್ನೆ, ತಂಡದಲ್ಲಿ ಗುಸುಗುಸು, ಚೀಟಿಯಲ್ಲಿ ಬರೆದು ಕೊಡುವ ‘ಪೌನ್ಸ್’, ಇಲ್ಲವೇ ತಂಡದಿಂದ ತಂಡಕ್ಕೆ ಹೋಗುವ ‘ಬೌನ್ಸ್’. ಅದು ಬಿಡಿಸುವ ಆಟ. ಅಲ್ಲಿನ ಜಾಣರು ಬಜರ್ ಮುಂದೆ ಕೂತರೆ ಮೊದಮೊದಲು ಸೋಲುತ್ತಾರೆ, ಏಕೆಂದರೆ ಕಾದು ಯೋಚಿಸಿ ರೂಢಿ. ಸೋತರೆಂದು ದಡ್ಡರಲ್ಲ. ಇದೇ ‘ಯೂನಿವರ್ಸಿಟಿ ಚಾಲೆಂಜ್’ನ ಭಾರತೀಯ ಆವೃತ್ತಿಯನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಸಿದ್ಧಾರ್ಥ ಬಸು ಬಿಬಿಸಿ ವರ್ಲ್ಡ್‌ನಲ್ಲಿ ನಡೆಸಿಕೊಟ್ಟಿದ್ದರು. ಅದು ನಿಂತ ಮೇಲೆ ನಮ್ಮ ವಿದ್ಯಾರ್ಥಿಗಳಿಗೆ ಟಿವಿಯ ಬಜರ್ ರೂಢಿ ತಪ್ಪಿತು.

ಅಭ್ಯಾಸ ಹೀಗೆ ಮಾಡಿ. ಒಬ್ಬರು ಓದಲಿ, ಇಬ್ಬರು ಅಥವಾ ನಾಲ್ವರು ಆಡಲಿ. ಬಜರ್ ಇಲ್ಲದಿದ್ದರೆ ಸೈಕಲ್ ಗಂಟೆ ಸಾಕು. ಯಾರಾದರೂ ಒತ್ತಿದ ಪದದ ಮೇಲೆ ಓದುವವರು ಪೆನ್ಸಿಲ್ ಗೆರೆ ಹಾಕಿ, ಸರಿಯೋ ತಪ್ಪೋ ಗುರುತು ಮಾಡಲಿ. ನೂರು ಪ್ರಶ್ನೆಯಾದ ಮೇಲೆ ಹಾಳೆ ತೆಗೆದು ನೋಡಿ. ನಡುವೆ ಒತ್ತಿದ್ದರಲ್ಲಿ ಹತ್ತಕ್ಕೆ ಒಂಬತ್ತು ಸರಿಯಿದ್ದರೆ ಖುಷಿಪಡಬೇಡಿ, ನೀವು ತಡವಾಗಿ ಒತ್ತುತ್ತಿದ್ದೀರಿ. ಆರೇಳು ಸರಿಯಿದ್ದರೆ ಹದ. ನಾಲ್ಕಕ್ಕಿಂತ ಕಡಿಮೆಯಾದರೆ ಯಾವ ವಿಷಯದಲ್ಲಿ ಎಡವುತ್ತಿದ್ದೀರಿ ನೋಡಿ, ಅಲ್ಲಿ ಒತ್ತುವ ಕೈ ತಡೆಯಿರಿ. ವಿಷಯ ಹಂಚಿಕೊಳ್ಳುವಾಗ ನಾಲ್ವರೂ ಇತಿಹಾಸ ಪ್ರಿಯರಾದರೆ ಆಗದು. ಆವರ್ತ ಕೋಷ್ಟಕ, ಪಾಶ್ಚಾತ್ಯ ಸಂಗೀತ, ಚಿತ್ರಕಲೆ ಈ ಮೂರಕ್ಕೆ ಒಬ್ಬೊಬ್ಬರು ಇರಲೇಬೇಕು.

ಬೋನಸ್‌ನಲ್ಲಿ ಕ್ಯಾಪ್ಟನ್‌ಗಳು ದೊಡ್ಡ ದನಿಗೆ ಮಣಿಯುತ್ತಾರೆ, ಮೆಲ್ಲಗೆ ಸರಿ ಹೇಳಿದವರ ಮಾತು ಕೇಳಿಸುವುದೇ ಇಲ್ಲ. ಉತ್ತರದ ಜೊತೆ ‘ಖಾತ್ರಿ’ ಅಥವಾ ‘ಊಹೆ’ ಎಂದು ಒಂದು ಪದ ಸೇರಿಸುವ ಕಟ್ಟಳೆ ಮಾಡಿಕೊಳ್ಳಿ. ಕೊನೆಯ ಎರಡು ನಿಮಿಷದಲ್ಲಿ ಹಿಂದಿದ್ದರೆ ಚರ್ಚೆಯೇ ಬೇಡ, ಗೊತ್ತಿಲ್ಲದ್ದಕ್ಕೆ ಕೂಡಲೇ ‘ಪಾಸ್’ ಎಂದು ಮುಂದಿನ ಸ್ಟಾರ್ಟರ್ ತರಿಸಿಕೊಳ್ಳಿ. ಜಾಗಟೆ ಬಾರಿಸಿದರೆ ಆಟ ಮುಗಿಯಿತು, ಬೋನಸ್ ಅರ್ಧದಲ್ಲಿದ್ದರೂ ಅಷ್ಟೇ.

ಜಾಗಟೆ ಹೊಡೆದಾಗ ಅಂಕ ಸಮವಾಗಿದ್ದರೆ ಮಾತ್ರ ಮೇಲಿನ ಲೆಕ್ಕವನ್ನೆಲ್ಲ ಮರೆತುಬಿಡಿ. ಆಗ ಬರುವುದು ನಿರ್ಣಾಯಕ ಸ್ಟಾರ್ಟರ್, ಬೋನಸ್ ಇಲ್ಲ. ನಡುವೆ ಒತ್ತಿ ತಪ್ಪಿದರೆ 5 ಅಂಕ ಹೋಗಿ ಅಲ್ಲಿಗೇ ಸೋಲು, ಎದುರಾಳಿ ಬಾಯಿ ತೆರೆಯಬೇಕಾಗಿಯೂ ಇಲ್ಲ.